ಬೇಸ್ ಹೆಚ್ಚಿದ್ದರೆ ಸಾಕೆ? ದುಬಾರಿ ಹೆಡ್‌ಫೋನ್ ಬದಲಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಕಲ್ಲಂಗಡಿ ಆರಿಸುವ ಗ್ರಾಹಕರು ಮೊದಲು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಸದ್ದು ಎಷ್ಟು ಜೋರಾಗಿದೆ ಎಂಬುದು ಅವರಿಗೆ ಮುಖ್ಯವಲ್ಲ. ಅದು ತುಂಬಿದ ಸದ್ದೋ, ಬಿಗಿದ ಸದ್ದೋ, ಟೊಳ್ಳು ಸದ್ದೋ ಎಂಬುದಷ್ಟೇ ಮುಖ್ಯ. ಅದೇ ಗ್ರಾಹಕರು ಮೂವತ್ತು ಸಾವಿರ ರೂಪಾಯಿಯ ಹೆಡ್‌ಫೋನ್ ಕೊಳ್ಳಲು ಹೊರಟಾಗ ಈ ವಿವೇಕ ಹಿಂದೆ ಸರಿಯುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕಿವಿಗಿಟ್ಟು, ಯಾವುದು ಹೆಚ್ಚು ಗುಡುಗುತ್ತದೆಯೋ ಅದನ್ನೇ ಒಳ್ಳೆಯದೆಂದು ತೀರ್ಮಾನಿಸುವವರೇ ಅಧಿಕ. ಮನೆಗೆ ತಂದ ಎರಡನೇ ವಾರದಲ್ಲಿ ಗಾಯಕರ ದನಿ ಮಂಕಾಗಿದೆ, ವೀಣೆಯ ಮೇಲೆ ಕಂಬಳಿ ಹೊದಿಸಿದಂತಿದೆ ಎಂಬ ಅಸಮಾಧಾನ ಶುರುವಾಗುತ್ತದೆ. ಅಲ್ಲಿಂದ ಮುಂದಿನ ಹೆಡ್‌ಫೋನ್‌ನ ಹುಡುಕಾಟ.

ಉನ್ನತ ದರ್ಜೆಯ ಹೆಡ್‌ಫೋನ್‌ಗಳ ಬೆಲೆ ಇಂದು ಇಪ್ಪತ್ತು–ಮೂವತ್ತು ಸಾವಿರದಿಂದ ಆರಂಭವಾಗಿ ಹಲವು ಲಕ್ಷ ರೂಪಾಯಿಗಳವರೆಗೆ ಹೋಗುತ್ತದೆ. ಅದರ ಮೇಲೆ ಆಂಪ್ಲಿಫೈಯರ್‌ನ ಖರ್ಚು ಬೇರೆ. ಆದ್ದರಿಂದ ಇರುವುದನ್ನು ಬಿಟ್ಟು ಹೊಸದಕ್ಕೆ ಹೋಗಬೇಕೆ ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲು, ಬೇಸ್ ಎಂದು ಕರೆಯಲಾಗುವ ಮಂದ್ರ ಧ್ವನಿಯಲ್ಲಿ ಗುಣ ಯಾವುದು, ಪ್ರಮಾಣ ಯಾವುದು ಎಂಬುದನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ.

ಬೇಸ್ ಎಂದರೆ ಯಾವುದು?

ಮನುಷ್ಯನ ಕಿವಿ ಸುಮಾರು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗಿನ ಆವೃತ್ತಿಗಳನ್ನು ಗ್ರಹಿಸುತ್ತದೆ. ಇದರಲ್ಲಿ 250 ಹರ್ಟ್ಜ್‌ಗಿಂತ ಕೆಳಗಿನ ಪಟ್ಟಿಯನ್ನು ಸಾಮಾನ್ಯವಾಗಿ ಬೇಸ್ ಎನ್ನುತ್ತಾರೆ. ಅದರೊಳಗೂ ಎರಡು ಭಾಗಗಳಿವೆ. 60 ಹರ್ಟ್ಜ್‌ಗಿಂತ ಕೆಳಗಿನದು ಆಳದ ಬೇಸ್. ಅದು ಕೇಳಿಸುವುದಕ್ಕಿಂತ ಹೆಚ್ಚಾಗಿ ಅನುಭವಕ್ಕೆ ಬರುತ್ತದೆ. 60ರಿಂದ 250ರವರೆಗಿನದು ಮಧ್ಯ ಬೇಸ್. ತಾಳವಾದ್ಯದ ಏಟು, ಗಂಡುದನಿಯ ತೂಕ ಇರುವುದು ಇಲ್ಲಿ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ, ಪಿಯಾನೊದ ಮೊದಲ ಮನೆ 27.5 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಒಂದು ಮನೆಯ ಶ್ರುತಿಯಲ್ಲಿ ಹಾಡುವ ಗಾಯಕರ ಷಡ್ಜ ಸುಮಾರು 131 ಹರ್ಟ್ಜ್. ಅವರ ತಂಬೂರಿಯ ಕೊನೆಯ ತಂತಿಯಾದ ಮಂದ್ರ ಷಡ್ಜ ಅದರ ಅರ್ಧ, ಅಂದರೆ ಸುಮಾರು 65 ಹರ್ಟ್ಜ್.

ಈ ಲೆಕ್ಕದಿಂದ ಒಂದು ಉಪಯುಕ್ತ ಸಂಗತಿ ಹೊರಬೀಳುತ್ತದೆ. ಶಾಸ್ತ್ರೀಯ ಸಂಗೀತವನ್ನೇ ಹೆಚ್ಚಾಗಿ ಕೇಳುವವರಿಗೆ 40 ಹರ್ಟ್ಜ್‌ಗಿಂತ ಕೆಳಗೆ ಕೇಳಬೇಕಾದದ್ದು ಬಹಳ ಇಲ್ಲ. ಅವರಿಗೆ ಬೇಕಾದದ್ದು 60ರಿಂದ 200 ಹರ್ಟ್ಜ್‌ವರೆಗಿನ ಶುಚಿತ್ವ. 2018ರ 'ಕೆಜಿಎಫ್'ಗೆ ರವಿ ಬಸ್ರೂರು ನೀಡಿದ ಹಿನ್ನೆಲೆ ಸಂಗೀತದಂಥದ್ದನ್ನು ಅಥವಾ ಎಲೆಕ್ಟ್ರಾನಿಕ್ ಸಂಗೀತವನ್ನು ಇಷ್ಟಪಡುವವರ ಅಗತ್ಯವೇ ಬೇರೆ. ಇಬ್ಬರಿಗೂ ಒಂದೇ ಹೆಡ್‌ಫೋನ್ ಶಿಫಾರಸು ಮಾಡುವ ಪಟ್ಟಿಗಳನ್ನು ಅನುಮಾನದಿಂದಲೇ ನೋಡಬೇಕು.

ರಾಮನ್ ಕಂಡ ಮೃದಂಗ

ಬೇಸಿನ ಗುಣವನ್ನು ಅರಿಯಲು ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಸರ್ ಸಿ.ವಿ. ರಾಮನ್ ಅವರು ಸಹೋದ್ಯೋಗಿ ಕುಮಾರ್ ಅವರೊಂದಿಗೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಭಾರತೀಯ ಚರ್ಮವಾದ್ಯಗಳ ಬಗ್ಗೆ ಬರೆದಿದ್ದರು. ಮುಂದೆ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, 1934ರಲ್ಲಿ ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಅದೇ ವಿಷಯದ ಮೇಲೆ ವಿಸ್ತಾರವಾದ ಪ್ರಬಂಧ ಪ್ರಕಟಿಸಿದರು. ಸಾಮಾನ್ಯ ಡೋಲಿನ ಚರ್ಮ ಮಿಡಿಯುವಾಗ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ; ಹಾಗಾಗಿ ಅದರ ಸದ್ದಿಗೆ ಖಚಿತ ಶ್ರುತಿ ಇರುವುದಿಲ್ಲ. ಆದರೆ ಮೃದಂಗದ ಬಲಭಾಗ ಮತ್ತು ತಬಲಾದ ಮಧ್ಯದಲ್ಲಿ ಮೆತ್ತುವ ಕಪ್ಪು ಕರಣೆಯ ಭಾರದಿಂದ ಮೊದಲ ಒಂಬತ್ತು ಬಗೆಯ ಕಂಪನಗಳು ಐದು ಹೊಂದಿಕೊಂಡ ಸ್ವರಗಳಾಗಿ ಕೂಡಿಕೊಳ್ಳುತ್ತವೆ ಎಂಬುದನ್ನು ರಾಮನ್ ತೋರಿಸಿಕೊಟ್ಟರು.

ಮೃದಂಗದ ಎಡಭಾಗದ್ದು ಇನ್ನೊಂದು ಕಥೆ. ಕಛೇರಿಗೆ ಮುನ್ನ ವಿದ್ವಾಂಸರು ಅಲ್ಲಿ ರವೆಯ ಕಣಕವನ್ನು ಮೆತ್ತುತ್ತಾರೆ. ಭಾರ ಹೆಚ್ಚಿದಂತೆ ಶ್ರುತಿ ಕೆಳಗಿಳಿದು ಗುಂಕಾರ ಬರುತ್ತದೆ. ರವೆ ಅತಿಯಾದರೆ ಸದ್ದು ಮಂದವಾಗಿ ಸಾಯುತ್ತದೆ, ಕಡಿಮೆಯಾದರೆ ಬರಿ ತೊಗಲಿನ ಸದ್ದು. ಹೆಡ್‌ಫೋನ್ ತಯಾರಿಸುವ ಎಂಜಿನಿಯರು ಪರದಾಡುವುದೂ ಈ ಹದಕ್ಕಾಗಿಯೇ: ಪೊರೆ ಎಷ್ಟು ಹಗುರವಿರಬೇಕು, ಎಷ್ಟು ಸಡಿಲವಿರಬೇಕು, ಮಿಡಿದ ನಂತರ ಎಷ್ಟು ಬೇಗ ಸುಮ್ಮನಾಗಬೇಕು.

ಕಿವಿಯ ಒಂದು ವಿಚಿತ್ರವನ್ನೂ ಇಲ್ಲಿ ನೆನೆಯಬೇಕು. ಮೂಲ ಆವೃತ್ತಿ ಕೇಳಿಸದೇ ಹೋದರೂ ಅದರ ಉಪಸ್ವರಗಳು ಸರಿಯಾದ ಅನುಪಾತದಲ್ಲಿ ಕೇಳಿಸಿದರೆ, ಮಿದುಳು ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಮೊಬೈಲ್ ಫೋನಿನ ಪುಟ್ಟ ಸ್ಪೀಕರಿನಲ್ಲೂ ತಂಬೂರಿಯ ಮಂದ್ರ ಷಡ್ಜದ ಶ್ರುತಿ ಗೊತ್ತಾಗುವುದು ಹೀಗೆ. ಆ ಸ್ಪೀಕರು 65 ಹರ್ಟ್ಜ್ ಅನ್ನು ನುಡಿಸುವುದೇ ಇಲ್ಲ ಎನ್ನಬಹುದು. ಆದ್ದರಿಂದ 'ಬೇಸ್ ಕೇಳಿಸುತ್ತಿದೆ' ಎಂಬುದು ಬೇಸ್ ಇದೆ ಎಂಬುದಕ್ಕೆ ಸಾಕ್ಷಿಯಲ್ಲ. ಸ್ವರ ಗೊತ್ತಾಗುತ್ತಿದೆಯೇ ಎಂಬುದರ ಜೊತೆಗೆ ಅದರ ತೂಕ ಗೊತ್ತಾಗುತ್ತಿದೆಯೇ ಎಂದೂ ಕೇಳಿಕೊಳ್ಳಬೇಕು.

ಎರಡು ಬಗೆಯ ಪೊರೆ

ಉನ್ನತ ದರ್ಜೆಯಲ್ಲಿ ಬಹುಪಾಲು ಆಯ್ಕೆ ಎರಡು ತಂತ್ರಗಳ ನಡುವೆ ನಡೆಯುತ್ತದೆ. ಮೊದಲನೆಯದು ಡೈನಮಿಕ್: ಸಣ್ಣ ಸ್ಪೀಕರಿನಂತೆ, ಪೊರೆಗೆ ಅಂಟಿದ ತಂತಿಯ ಸುರುಳಿ ಆಯಸ್ಕಾಂತದ ನಡುವೆ ಅಲುಗುತ್ತದೆ. 1997ರ ಸೆನ್‌ಹೈಸರ್ ಎಚ್‌ಡಿ 600 ಮತ್ತು 2003ರ ಎಚ್‌ಡಿ 650 ಈ ಬಗೆಯ ಪ್ರಸಿದ್ಧ ಉದಾಹರಣೆಗಳು. ಎರಡನೆಯದು ಪ್ಲೇನರ್: ಚಪ್ಪಟೆ ಪೊರೆಯ ಉದ್ದಗಲಕ್ಕೂ ವಾಹಕದ ಗೆರೆಗಳಿದ್ದು, ಆಯಸ್ಕಾಂತಗಳ ಸಾಲು ಇಡೀ ಪೊರೆಯನ್ನು ಒಟ್ಟಿಗೆ ತಳ್ಳುತ್ತದೆ. 1976ರಲ್ಲಿ ಯಮಹಾ ಎಚ್‌ಪಿ-1 ಮೂಲಕ ಹೆಸರು ಮಾಡಿದ ಈ ತಂತ್ರಕ್ಕೆ ಮರುಜೀವ ಕೊಟ್ಟದ್ದು ಹೈಫೈಮ್ಯಾನ್ ಹಾಗೂ 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಆಡಿಝಿಯಂಥ ಸಂಸ್ಥೆಗಳು. ಆಡಿಝಿಯನ್ನು 2023ರಲ್ಲಿ ಸೋನಿಯ ಗೇಮಿಂಗ್ ವಿಭಾಗ ಖರೀದಿಸಿತು. ಮೂರನೆಯದಾದ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್‌ಗಳಿಗೆ ಪ್ರತ್ಯೇಕ ಹೈ-ವೋಲ್ಟೇಜ್ ಸಾಧನ ಬೇಕು. ಬೇಸಿಗಾಗಿ ಅದನ್ನು ಕೊಳ್ಳುವವರು ವಿರಳ, ಇಲ್ಲಿ ಬಿಟ್ಟುಬಿಡಬಹುದು.

ಹಿಂಬದಿ ತೆರೆದಿರುವ ಡೈನಮಿಕ್ ಹೆಡ್‌ಫೋನ್‌ಗಳಲ್ಲಿ ಪೊರೆಯ ಸಹಜ ಅನುರಣನೆ ಸಾಮಾನ್ಯವಾಗಿ 100 ಹರ್ಟ್ಜ್‌ನ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಧ್ವನಿ ತುಸು ಉಬ್ಬಿ, 60 ಹರ್ಟ್ಜ್‌ಗಿಂತ ಕೆಳಗೆ ಕ್ರಮೇಣ ಇಳಿಯುತ್ತದೆ. ಎಚ್‌ಡಿ 650ರ ಪ್ರಸಿದ್ಧ 'ಬೆಚ್ಚಗಿನ' ದನಿಗೆ ಇದು ಒಂದು ಕಾರಣ. ಆಳದ ಬೇಸ್ ಇಲ್ಲ ಎಂಬ ದೂರಿಗೂ ಇದೇ ಕಾರಣ. ಒಳ್ಳೆಯ ಪ್ಲೇನರ್‌ಗಳು ಹಿಂಬದಿ ತೆರೆದಿದ್ದರೂ 30 ಹರ್ಟ್ಜ್ ಮತ್ತು ಅದಕ್ಕಿಂತ ಕೆಳಗಿನವರೆಗೆ ಸಮತಟ್ಟಾಗಿ ಸಾಗುತ್ತವೆ, ಕೆಳ ಆವೃತ್ತಿಯಲ್ಲಿ ವಿಕೃತಿಯೂ ಸಾಮಾನ್ಯವಾಗಿ ಕಡಿಮೆ. ಆದರೆ ಡೈನಮಿಕ್ ಕೊಡುವ ಆ ಉಬ್ಬಿನ 'ಏಟು' ಪ್ಲೇನರ್‌ನಲ್ಲಿ ಇಲ್ಲವೆಂದು ಕೊರಗುವವರೂ ಇದ್ದಾರೆ. ಆಳ ಸಿಕ್ಕಿತು, ಗುದ್ದು ಹೋಯಿತು ಎಂಬ ಮಾತು ಬದಲಿಸಿದವರಿಂದ ಪದೇ ಪದೇ ಕೇಳಿಬರುವುದು ಇದೇ ಅರ್ಥದಲ್ಲಿ.

'ವೇಗದ ಬೇಸ್' ಎಂಬ ಜಾಹೀರಾತಿನ ಮಾತನ್ನು ಹೆಚ್ಚು ನಂಬಬೇಕಾಗಿಲ್ಲ. 40 ಹರ್ಟ್ಜ್‌ನ ಅಲೆ ಎಲ್ಲ ಹೆಡ್‌ಫೋನಿನಲ್ಲೂ ಸೆಕೆಂಡಿಗೆ ನಲವತ್ತು ಬಾರಿಯೇ ಮಿಡಿಯುತ್ತದೆ. ನಿಧಾನ, ಕೆಸರು ಎಂದು ಅನ್ನಿಸುವುದು ಬಹುತೇಕ 100ರಿಂದ 300 ಹರ್ಟ್ಜ್‌ವರೆಗೆ ಧ್ವನಿ ಅಗತ್ಯಕ್ಕಿಂತ ಉಬ್ಬಿದಾಗ. ಆ ಉಬ್ಬು ತಗ್ಗಿಸಿದರೆ ಅದೇ ಹೆಡ್‌ಫೋನ್ 'ವೇಗ' ಪಡೆಯುತ್ತದೆ.

ಇನ್ನು ಭಾರದ ಮಾತು. ಎಚ್‌ಡಿ 650 ಸುಮಾರು 260 ಗ್ರಾಂ ತೂಗಿದರೆ, ಆಡಿಝಿಯ ಎಲ್‌ಸಿಡಿ-ಎಕ್ಸ್ 600 ಗ್ರಾಂ ಮೀರುತ್ತದೆ. ಅರ್ಧ ಕಿಲೋಗೂ ಹೆಚ್ಚಿನ ಭಾರವನ್ನು ತಲೆಯ ಮೇಲೆ ಹೊತ್ತು ಎರಡು ಗಂಟೆಯ ಕಛೇರಿ ಕೇಳಲು ಕುತ್ತಿಗೆ ಒಪ್ಪುತ್ತದೆಯೇ ಎಂಬುದನ್ನು ಅಂಗಡಿಯ ಎರಡು ನಿಮಿಷ ಹೇಳುವುದಿಲ್ಲ.

ಸಂದು ಬಿಟ್ಟರೆ ಬೇಸ್ ಇಲ್ಲ

ಬೇಸ್ ಕಡಿಮೆ ಎಂದು ಹೆಡ್‌ಫೋನ್ ಬದಲಿಸಲು ಹೊರಟವರು ಮೊದಲು ನೋಡಬೇಕಾದದ್ದು ಕಿವಿಯ ಸುತ್ತ ಕೂರುವ ಮೆತ್ತೆಯನ್ನು. 40 ಹರ್ಟ್ಜ್ ಅಲೆಯ ಉದ್ದ ಎಂಟೂವರೆ ಮೀಟರಿಗೂ ಹೆಚ್ಚು. ಅಂಗೈಯಗಲದ ಸಾಧನ ಅದನ್ನು ಕಿವಿಗೆ ಮುಟ್ಟಿಸುವುದು ಕಿವಿಯ ಮುಂದಿನ ಪುಟ್ಟ ಗಾಳಿಯ ಕೋಣೆಯ ಒತ್ತಡವನ್ನು ಏರಿಳಿಸುವ ಮೂಲಕ. ಕನ್ನಡಕದ ಕಡ್ಡಿ, ದಪ್ಪ ಕೂದಲು, ಸವೆದು ಚಪ್ಪಟೆಯಾದ ಮೆತ್ತೆ – ಯಾವುದರಿಂದ ಸಂದು ಬಿಟ್ಟರೂ ಒತ್ತಡ ಸೋರಿಹೋಗಿ ಆಳದ ಬೇಸ್ ಹಲವು ಡೆಸಿಬೆಲ್ ಕುಸಿಯುತ್ತದೆ. ಹಿಂಬದಿ ಮುಚ್ಚಿದ ಮಾದರಿಗಳಲ್ಲಂತೂ ಈ ವ್ಯತ್ಯಾಸ ತೀವ್ರ. ಅಂಗೈಯಿಂದ ಎರಡೂ ಬಟ್ಟಲುಗಳನ್ನು ಮೆಲ್ಲಗೆ ತಲೆಗೆ ಒತ್ತಿ ಹಿಡಿದಾಗ ಬೇಸ್ ಗಮನಾರ್ಹವಾಗಿ ಏರಿದರೆ ದೋಷ ಹೆಡ್‌ಫೋನಿನದಲ್ಲ, ಸಂದಿನದು. ಹೊಸ ಮೆತ್ತೆಯ ಬೆಲೆ ಹೊಸ ಹೆಡ್‌ಫೋನಿನ ಒಂದು ಸಣ್ಣ ಅಂಶ ಮಾತ್ರ. ಮಾರಾಟಗಾರರು ಇದನ್ನು ತಾವಾಗಿ ಹೇಳುವುದು ಅಪರೂಪ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಆಂಪ್ಲಿಫೈಯರ್‌ನದೂ ಒಂದು ಪಾತ್ರವಿದೆ. ಎಚ್‌ಡಿ 650ರಂತಹ 300 ಓಮ್‌ನ ಹೆಡ್‌ಫೋನ್‌ಗಳ ರೋಧ ಅನುರಣನೆಯ ಬಳಿ ಇನ್ನಷ್ಟು ಏರುತ್ತದೆ. ಹೊರಮೈ ರೋಧ ಹೆಚ್ಚಿರುವ ಆಂಪ್ಲಿಫೈಯರ್‌ಗೆ ಜೋಡಿಸಿದರೆ ಅಲ್ಲಿ ಬೇಸ್ ಇನ್ನೂ ಉಬ್ಬುತ್ತದೆ. ಪ್ಲೇನರ್‌ಗಳ ರೋಧ ಬಹುತೇಕ ಸಮನಾಗಿರುವುದರಿಂದ ಈ ವ್ಯತ್ಯಾಸ ಇರುವುದಿಲ್ಲ, ಆದರೆ ಅವುಗಳಲ್ಲಿ ಹಲವು ಹೆಚ್ಚಿನ ವಿದ್ಯುತ್ ಪ್ರವಾಹ ಬೇಡುತ್ತವೆ.

ಮಾರುಕಟ್ಟೆಯಲ್ಲೊಂದು, ಮನೆಯಲ್ಲೊಂದು

ಕೇಳುವ ಜಾಗ ಯಾವುದು ಎಂಬ ಪ್ರಶ್ನೆಯನ್ನು ವಿಮರ್ಶೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ದಂಡು ಪ್ರದೇಶದ ಪೌರಾಯುಕ್ತರಾಗಿದ್ದ ಟಿ.ಬಿ. ರಸೆಲ್ ಅವರ ಹೆಸರಿನಲ್ಲಿ 1927ರಲ್ಲಿ ತಲೆಯೆತ್ತಿದ ರಸೆಲ್ ಮಾರುಕಟ್ಟೆಯ ಸುತ್ತ ಒಮ್ಮೆ ನಡೆದರೆ ಇದರ ಮಹತ್ವ ತಿಳಿಯುತ್ತದೆ. ಸಮೀಪದಲ್ಲೇ ಶಿವಾಜಿನಗರ ಬಸ್ ನಿಲ್ದಾಣ, ಇನ್ನೊಂದು ಬದಿಗೆ ಸಂತ ಮೇರಿ ಬೆಸಿಲಿಕಾ, ನಡುವೆ ಆಟೋ, ತಳ್ಳುಗಾಡಿ, ಕೂಗು. ಆರು ಸಿಲಿಂಡರಿನ ಡೀಸೆಲ್ ಬಸ್ಸಿನ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 30 ಬಾರಿ ಇಂಧನ ಉರಿಯುತ್ತದೆ. ಅಂದರೆ ಆ ಎಂಜಿನ್ ಬಿಡುವಿಲ್ಲದೆ ನುಡಿಸುವುದು 30 ಹರ್ಟ್ಜ್‌ನ ಒಂದು ಶ್ರುತಿ ಮತ್ತು ಅದರ ಉಪಸ್ವರಗಳನ್ನು. ಲಕ್ಷ ರೂಪಾಯಿಯ ಹೆಡ್‌ಫೋನ್ ಯಾವ ಆಳವನ್ನು ಸೂಕ್ಷ್ಮವಾಗಿ ತೋರಿಸುತ್ತದೆಯೋ, ಅದೇ ಆಳವನ್ನು ಬಸ್ಸು ಮುಚ್ಚಿಹಾಕುತ್ತದೆ.

ಶಬ್ದಮಾಪಕದ ಅಂಕಿಗಳಲ್ಲಿ ಇದು ಪೂರ್ತಿ ಕಾಣುವುದಿಲ್ಲ. ದೇಶದ ಶಬ್ದಮಾಲಿನ್ಯ ನಿಯಮಗಳು ವಾಣಿಜ್ಯ ಪ್ರದೇಶಕ್ಕೆ ಹಗಲಿನಲ್ಲಿ 65, ರಾತ್ರಿ 55 ಡೆಸಿಬೆಲ್ ಮಿತಿ ನಿಗದಿಪಡಿಸಿವೆ. ಆದರೆ ಅದು 'ಎ' ತೂಕದ ಡೆಸಿಬೆಲ್. ಆ ಲೆಕ್ಕದಲ್ಲಿ 63 ಹರ್ಟ್ಜ್‌ನ ಸದ್ದಿನಿಂದ ಸುಮಾರು 26 ಡೆಸಿಬೆಲ್ ಕಳೆಯಲಾಗುತ್ತದೆ. ಮಾಪಕ ಸುಮ್ಮನಿದ್ದರೂ ಗುಡುಗು ಇದ್ದೇ ಇರುತ್ತದೆ.

ಹಿಂಬದಿ ತೆರೆದ ಹೆಡ್‌ಫೋನನ್ನು ಇಂಥ ಕಡೆ ಹಾಕಿಕೊಳ್ಳುವುದು ಹಣ ಪೋಲು. ಹೊರಗಿನದ್ದು ಒಳಗೆ, ಒಳಗಿನದ್ದು ಹೊರಗೆ. ಇಲ್ಲಿ ಕೆಲಸಕ್ಕೆ ಬರುವುದು ಹಿಂಬದಿ ಮುಚ್ಚಿದ, ಶಬ್ದ ನಿವಾರಣೆಯ ಸೌಲಭ್ಯವಿರುವ ಹೆಡ್‌ಫೋನ್. ಆ ತಂತ್ರ ಅತಿ ಹೆಚ್ಚು ಫಲ ಕೊಡುವುದು ಕೆಳ ಆವೃತ್ತಿಗಳಲ್ಲೇ. ಬಸ್ಸಿನ ಗುಡುಗನ್ನು ಅದು ಅಳಿಸುತ್ತದೆ, ವ್ಯಾಪಾರಿಯ ಕೂಗನ್ನು ಅಷ್ಟಾಗಿ ಅಲ್ಲ. ಇದರ ಬೇಸ್ ತುಸು ಉಬ್ಬಿದ್ದರೂ ರಸ್ತೆಯಲ್ಲಿ ಅದು ದೋಷವಲ್ಲ, ಅಗತ್ಯ. ಅದೇ ಉಬ್ಬು ರಾತ್ರಿ ಹತ್ತರ ನಂತರ ಹಲಸೂರಿನ ಮನೆಯ ಮೌನದಲ್ಲಿ ಅಸಹನೀಯವಾಗಬಹುದು. ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕೇಳಿ, ಮನೆಯಲ್ಲಿ ಅರ್ಧ ಗಂಟೆ ಕೇಳುವವರು ಪ್ಲೇನರ್‌ಗೆ ಎಪ್ಪತ್ತು ಸಾವಿರ ಸುರಿಯುವ ಮುನ್ನ ಈ ಸಮಯದ ಲೆಕ್ಕ ಹಾಕುವುದು ಒಳಿತು.

ಎಷ್ಟು ಬೇಸ್ ಸರಿ?

ಬೆಂಗಳೂರಿನಲ್ಲೂ ತಂತ್ರಜ್ಞಾನ ಕೇಂದ್ರ ಹೊಂದಿರುವ ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಅವರು 2012ರಿಂದ ನಡೆಸಿದ ಸರಣಿ ಅಧ್ಯಯನಗಳು ಈ ಪ್ರಶ್ನೆಗೆ ಸಿಕ್ಕಿರುವ ಅತ್ಯುತ್ತಮ ಉತ್ತರ. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ನುಡಿದಂತೆ, ಸುಮಾರು 100 ಹರ್ಟ್ಜ್‌ಗಿಂತ ಕೆಳಗೆ ಕೆಲವು ಡೆಸಿಬೆಲ್ ಎತ್ತರಿಸಿದ ಧ್ವನಿಯನ್ನೇ ಹೆಚ್ಚಿನ ಕೇಳುಗರು ಮೆಚ್ಚಿದರು. ಆದರೆ ಎಲ್ಲರೂ ಅಲ್ಲ. ಶೇ 64ರಷ್ಟು ಮಂದಿ ಆ ಮಟ್ಟಕ್ಕೆ ಒಪ್ಪಿದರೆ, ಶೇ 15ರಷ್ಟು ಮಂದಿಗೆ ಇನ್ನೂ ಮೂರರಿಂದ ಆರು ಡೆಸಿಬೆಲ್ ಬೇಸ್ ಬೇಕಿತ್ತು. ಅವರಲ್ಲಿ ಯುವಕರು ಹೆಚ್ಚು. ಉಳಿದ ಶೇ 21ರಷ್ಟು ಮಂದಿಗೆ ಎರಡು–ಮೂರು ಡೆಸಿಬೆಲ್ ಕಡಿಮೆಯೇ ಹಿತ. ಈ ಗುಂಪಿನಲ್ಲಿ ಮಹಿಳೆಯರು ಹಾಗೂ ಐವತ್ತು ದಾಟಿದವರ ಪಾಲು ದೊಡ್ಡದು. ಮಗನಿಗೆ ಇಷ್ಟವಾದ ಹೆಡ್‌ಫೋನ್ ತಾಯಿಗೆ ತಲೆನೋವು ತಂದರೆ ಇಬ್ಬರ ಕಿವಿಯೂ ಕೆಟ್ಟಿಲ್ಲ.

ಹೆಡ್‌ಫೋನಿನಿಂದ ನಿರೀಕ್ಷಿಸಬಾರದ್ದೂ ಒಂದಿದೆ. ಡೊಳ್ಳು ಕುಣಿತದ ಎದುರು, ಅಣ್ಣಮ್ಮನ ಉತ್ಸವದ ತಮಟೆಯ ಪಕ್ಕ ನಿಂತವರಿಗೆ ಎದೆಗೂಡಿನಲ್ಲಿ ಆಗುವ ಕಂಪನವನ್ನು ಕಿವಿಗೆ ಮಾತ್ರ ಧ್ವನಿ ಮುಟ್ಟಿಸುವ ಸಾಧನ ಕೊಡಲಾರದು. ಅದಕ್ಕಾಗಿ ಹೆಡ್‌ಫೋನ್ ಮೇಲೆ ಹೆಡ್‌ಫೋನ್ ಬದಲಿಸುವವರು ಆ ಹಣದಲ್ಲಿ ಒಂದು ಜೊತೆ ಸ್ಪೀಕರ್ ಕೊಳ್ಳುವುದು ಲೇಸು.

ಹೋಲಿಸುವ ಬಗೆ

ಹೋಲಿಕೆಗೆ ಮೊದಲ ಷರತ್ತು, ಎರಡೂ ಹೆಡ್‌ಫೋನ್‌ಗಳ ಧ್ವನಿಮಟ್ಟ ಒಂದೇ ಇರಬೇಕು. ತುಸು ಜೋರಾಗಿರುವುದೇ ಕಿವಿಗೆ ಉತ್ತಮವೆನ್ನಿಸುತ್ತದೆ. ಅದಲ್ಲದೆ, ಧ್ವನಿ ಕಡಿಮೆ ಇದ್ದಾಗ ಕಿವಿ ಬೇಸನ್ನು ಇನ್ನಷ್ಟು ಕಡಿಮೆಯಾಗಿ ಗ್ರಹಿಸುತ್ತದೆ ಎಂಬುದು ಫ್ಲೆಚರ್ ಮತ್ತು ಮನ್ಸನ್ ಅವರ 1933ರ ಪ್ರಯೋಗಗಳಿಂದಲೇ ತಿಳಿದಿದೆ. ಹೀಗಾಗಿ ಮೆಲ್ಲಗೆ ನುಡಿಯುತ್ತಿರುವ ಹೆಡ್‌ಫೋನ್ ಬೇಸಿನಲ್ಲಿ ಎರಡು ಸಲ ಸೋಲುತ್ತದೆ.

ಪರೀಕ್ಷೆಗೆ ಪರಿಚಿತ ಧ್ವನಿಮುದ್ರಣ ಬೇಕು. ತನಿ ಆವರ್ತನದಲ್ಲಿ ಮೃದಂಗದ ಎಡಗೈಯ ಗುಂಕಾರ ಪ್ರತಿ ಏಟಿಗೂ ಬೇರೆಯಾಗಿ ಕೇಳಬೇಕು; ಎಲ್ಲವೂ ಒಂದೇ 'ಧುಂ' ಆದರೆ ಅದು ಹೆಡ್‌ಫೋನಿನ ಸ್ವಂತ ಸದ್ದು. ತಬಲಾದ ಡಗ್ಗದ ಮೇಲೆ ಅಂಗೈ ಒತ್ತಿ ಜಾರಿಸುವಾಗ ಶ್ರುತಿ ಏರುವುದು ಎಲ್ಲೂ ಉಬ್ಬದೆ, ಎಲ್ಲೂ ತಗ್ಗದೆ ಸಾಗಬೇಕು. ಗುಂಕಾರದ ನಡುವೆಯೂ ಗಾಯಕರ ಅಕ್ಷರ ಸ್ಪಷ್ಟವಿರಬೇಕು. ಹಳೆಯ ಮೋನೊ ಚಿತ್ರಗೀತೆಗಳನ್ನು ಈ ಪರೀಕ್ಷೆಗೆ ಬಳಸುವುದು ಸೂಕ್ತವಲ್ಲ. ಮುದ್ರಣದಲ್ಲಿಯೇ ಇಲ್ಲದ ಆಳವನ್ನು ಯಾವ ಹೆಡ್‌ಫೋನೂ ಸೃಷ್ಟಿಸಬಾರದು, ಸೃಷ್ಟಿಸಿದರೆ ಅದೇ ದೋಷ.

ಬದಲಿಸಬೇಕೆ ಎಂಬುದನ್ನು ತೀರ್ಮಾನಿಸಲು ಖರ್ಚಿಲ್ಲದ ಉಪಾಯ ಈಕ್ವಲೈಸರ್. ಇರುವ ಹೆಡ್‌ಫೋನಿನಲ್ಲೇ 100 ಹರ್ಟ್ಜ್‌ಗಿಂತ ಕೆಳಗಿನ ಧ್ವನಿಯನ್ನು ನಾಲ್ಕೈದು ಡೆಸಿಬೆಲ್ ಏರಿಸಿ, ಒಟ್ಟು ಮಟ್ಟವನ್ನು ಅಷ್ಟೇ ಇಳಿಸಿ ಒಂದು ವಾರ ಕೇಳಬೇಕು. ಅಷ್ಟರಲ್ಲೇ ತೃಪ್ತಿಯಾದರೆ ಬೇಕಿದ್ದದ್ದು ಹೆಚ್ಚಿನ ಪ್ರಮಾಣ ಮಾತ್ರ, ಅದು ಸಿಕ್ಕಿತು, ಹಣ ಉಳಿಯಿತು. ಏರಿಸಿದೊಡನೆ ಪೊರೆ ಪರಪರ ಎಂದರೆ, ಅಥವಾ ಬೇಸ್ ಬಂದರೂ ಮೃದಂಗದ ಏಟುಗಳು ಒಂದರೊಳಗೊಂದು ಕಲೆತುಹೋದರೆ, ಅದು ಸಾಧನದ ಮಿತಿ. ಪ್ಲೇನರ್‌ಗೆ ಹೋಗಲು ಅದು ನ್ಯಾಯವಾದ ಕಾರಣ.

ಕಾರಣ ಸಿಕ್ಕ ಮೇಲೂ ಹಳೆಯದನ್ನು ಕೂಡಲೇ ಮಾರುವ ಅವಸರ ಬೇಡ. ಹೊಸದನ್ನು ಹಿಂದಿರುಗಿಸುವ ಅವಧಿ ಎಷ್ಟು ದಿನ, ಭಾರತದ ಅಧಿಕೃತ ವಿತರಕರ ವಾರಂಟಿ ಇದೆಯೇ ಎಂಬುದನ್ನು ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. ಹೊರದೇಶದಿಂದ ಕೈಚೀಲದಲ್ಲಿ ಬಂದ ಅಗ್ಗದ ಪೆಟ್ಟಿಗೆಗೆ ಆ ವಾರಂಟಿ ಸಾಮಾನ್ಯವಾಗಿ ಅನ್ವಯಿಸದು. ಬೇಸಿನ ಆಸೆಗೆ ಧ್ವನಿ ಏರಿಸುತ್ತ ಹೋಗುವವರು ಇನ್ನೊಂದು ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬಹುದು: ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸುರಕ್ಷಿತವೆಂದು ಹೇಳಿರುವುದು ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಪ್ರತಿ ಮೂರು ಡೆಸಿಬೆಲ್ ಏರಿದಾಗಲೂ ಆ ಗಂಟೆಗಳು ಅರ್ಧವಾಗುತ್ತವೆ. 89 ಡೆಸಿಬೆಲ್‌ಗೆ ವಾರವಿಡೀ ಉಳಿಯುವುದು ಐದೇ ಗಂಟೆ.